ದೊಡ್ಡ ಕಾಯಿಲೆಯಿಂದ ಎದ್ದ ಮೇಲೆ ಗೃಹಸಾಲಕ್ಕೆ ಜೀವವಿಮೆ: ಮೊದಲಿಂದ ಕೊನೆವರೆಗೆ

ನನಗೆ ಸ್ಟೆಂಟ್ ಹಾಕಿ ಹದಿನಾಲ್ಕು ತಿಂಗಳಾಗಿತ್ತು. ಮೈಸೂರಿನಲ್ಲಿ ಮನೆ ಕಟ್ಟಲು ಸಾಲ ಮಂಜೂರಾಗಿತ್ತು. ಸಹಿ ಹಾಕಬೇಕಾದ ಕಾಗದಗಳ ಕಟ್ಟಿನ ನಡುವೆ ವಿಮೆಯ ಒಂದು ಹಾಳೆ ಇತ್ತು. ಬ್ಯಾಂಕಿನ ಹುಡುಗ ಪೆನ್ಸಿಲಿನಲ್ಲಿ ಗುರುತು ಮಾಡಿ, "ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಹಾಕಿ ಸಾರ್" ಅಂದ. ಪಕ್ಕದಲ್ಲಿದ್ದ ಹೆಂಡತಿ ಆ ಹಾಳೆಯನ್ನು ಎಳೆದುಕೊಂಡು ಓದಿದಳು. ಹೃದಯದ ಕಾಯಿಲೆ ಇದೆಯೇ, ಹಿಂದೆ ಇತ್ತೇ ಎಂಬ ಪ್ರಶ್ನೆಗೆ ಆಗಲೇ "ಇಲ್ಲ" ಎಂದು ಟಿಕ್ ಬಿದ್ದಿತ್ತು. "ಇದು ಸುಳ್ಳಲ್ವಾ?" ಎಂದು ಕೇಳಿದಳು. "ಎಲ್ರೂ ಹೀಗೇ ಹಾಕ್ತಾರೆ ಮೇಡಂ, ಸುಮ್ನೆ ಫಾರ್ಮಾಲಿಟಿ" ಅಂದ.

ಆ ಸಹಿ ನಾನು ಹಾಕಲಿಲ್ಲ. ವಿಮೆ ಸಿಗಲು ಆಮೇಲೆ ಏಳು ತಿಂಗಳು ಹಿಡಿಯಿತು. ಪ್ರೀಮಿಯಂ ಕೂಡ ಜಾಸ್ತಿಯೇ ಆಯಿತು. ಆದರೆ ಇವತ್ತು ನನ್ನ ಅರ್ಜಿಯಲ್ಲಿ ನನ್ನ ಸ್ಟೆಂಟ್ ಇದೆ, ತಾರೀಖಿನ ಸಮೇತ ಇದೆ. ನಾನಿಲ್ಲದ ದಿನ ಅದನ್ನು ಹೊಸದಾಗಿ ಪತ್ತೆ ಮಾಡಿ ಹಣ ನಿಲ್ಲಿಸಲು ಯಾರಿಗೂ ಆಗುವುದಿಲ್ಲ. ಹೃದಯಾಘಾತ, ಕ್ಯಾನ್ಸರ್, ಪಾರ್ಶ್ವವಾಯು ದಾಟಿ ಬಂದು ತಲೆಯ ಮೇಲೆ ಮನೆ ಸಾಲ ಹೊತ್ತವರು ಇದನ್ನು ಹಂತ ಹಂತವಾಗಿ ಮಾಡಿಕೊಳ್ಳುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ.

ಮೊದಲು ತಿಳಿಯಬೇಕಾದ ಎರಡು ವಿಷಯ

ಗೃಹಸಾಲಕ್ಕೆ ಜೀವವಿಮೆ ಕಡ್ಡಾಯ ಎಂದು ರಿಸರ್ವ್ ಬ್ಯಾಂಕಿನ ನಿಯಮವೂ ಇಲ್ಲ, ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವೂ ಇಲ್ಲ. "ವಿಮೆ ಮಾಡಿಸದಿದ್ದರೆ ಸಾಲ ಬಿಡುಗಡೆ ಆಗಲ್ಲ" ಎಂದು ಯಾರಾದರೂ ಅಂದರೆ, ಅದನ್ನೇ ಬರೆದುಕೊಡಿ ಎಂದು ಕೇಳಿ. ಆದರೆ ಕಡ್ಡಾಯವಿಲ್ಲ ಎಂದ ಮಾತ್ರಕ್ಕೆ ಬೇಡ ಎಂದಲ್ಲ. ಸಾಲಗಾರ ತೀರಿಕೊಂಡರೆ ಸಾಲ ಸಾಯುವುದಿಲ್ಲ. ಜೊತೆ ಸಾಲಗಾರರು, ಜಾಮೀನುದಾರರು ಕಟ್ಟಬೇಕು. ಕಟ್ಟಲು ಆಗದಿದ್ದರೆ 2002ರ ಸರ್ಫೇಸಿ ಕಾಯ್ದೆಯ ಅಡಿ ಬ್ಯಾಂಕ್ ಮನೆಯನ್ನು ವಶಕ್ಕೆ ಪಡೆದು ಹರಾಜು ಹಾಕಬಹುದು.

ಸಾಲ ಬೇಗ ಕರಗುತ್ತದೆ ಎಂಬ ನಂಬಿಕೆಯೂ ಬೇಡ. 30 ಲಕ್ಷ ರೂ. ಸಾಲ, 8.5% ಬಡ್ಡಿ, 20 ವರ್ಷ ಅಂದುಕೊಳ್ಳಿ. ತಿಂಗಳ ಕಂತು ಸುಮಾರು 26,035 ರೂ. ಐದು ವರ್ಷ ತಪ್ಪದೆ ಕಟ್ಟಿದ ಮೇಲೂ ಸುಮಾರು 26.4 ಲಕ್ಷ ಬಾಕಿ. ಹತ್ತು ವರ್ಷ, ಅಂದರೆ ಅರ್ಧ ದಾರಿ ಮುಗಿದಾಗಲೂ ಸುಮಾರು 21 ಲಕ್ಷ ಬಾಕಿ. ಕಾಯಿಲೆ ಮರುಕಳಿಸುವ ಭಯ ಹೆಚ್ಚಿರುವ ಮೊದಲ ವರ್ಷಗಳಲ್ಲೇ ಸಾಲವೂ ಹೆಚ್ಚಿರುತ್ತದೆ.

ವಿಮೆಯಲ್ಲಿ ಎರಡು ಬಗೆ. ಒಂದು, ಬ್ಯಾಂಕ್ ಸಾಲದ ಜೊತೆಗೇ ಕೊಡುವ ಗುಂಪು ವಿಮೆ. ಸಾಲ ಇಳಿದಂತೆ ವಿಮೆಯ ಮೊತ್ತವೂ ಇಳಿಯುತ್ತದೆ. ಪ್ರೀಮಿಯಂ ಹೆಚ್ಚಾಗಿ ಒಂದೇ ಸಲ ಕಟ್ಟುವಂಥದ್ದು, ಅದನ್ನೂ ಸಾಲಕ್ಕೇ ಸೇರಿಸಿಬಿಡುತ್ತಾರೆ. 1.5 ಲಕ್ಷದ ಪ್ರೀಮಿಯಂ ಮೇಲಿನ ಸಾಲಕ್ಕೆ ಸೇರಿದರೆ ತಿಂಗಳಿಗೆ ಸುಮಾರು 1,300 ರೂ. ಏರುತ್ತದೆ. 20 ವರ್ಷಕ್ಕೆ ಅದು 3.12 ಲಕ್ಷ ದಾಟುತ್ತದೆ. ಇನ್ನೊಂದು ಬಗೆ, ನೀವೇ ಮಾಡಿಸುವ ಟರ್ಮ್ ಪಾಲಿಸಿ, ಅಂದರೆ ಗೊತ್ತುಪಡಿಸಿದ ಅವಧಿಯೊಳಗೆ ತೀರಿಕೊಂಡರೆ ಹಣ ಕೊಡುವ ವಿಮೆ. ಮೊತ್ತ ಇಳಿಯುವುದಿಲ್ಲ, ಹಣ ನಾಮಿನಿ ಕೈಗೆ ಬರುತ್ತದೆ, ಸಾಲ ಬೇರೆ ಬ್ಯಾಂಕಿಗೆ ಹೋದರೂ ಪಾಲಿಸಿ ನಿಮ್ಮ ಜೊತೆಗೇ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆಯ ಪ್ರೀಮಿಯಂಗೆ ಜಿಎಸ್‌ಟಿ ಇಲ್ಲ. ಗುಂಪು ವಿಮೆಗೆ ಆ ವಿನಾಯಿತಿ ಸಿಕ್ಕಿಲ್ಲ. ಸಿಗುವುದಾದರೆ ಟರ್ಮ್ ಪಾಲಿಸಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಕಾಯಿಲೆಯಾದವರಿಗೆ ಎರಡೂ ಕಡೆ ಬಾಗಿಲು ತಟ್ಟಬೇಕಾಗುತ್ತದೆ.

ಹಂತ 1: ಬೀರು ತೆಗೆದು ನೋಡಿ

ಹೊಸ ಪಾಲಿಸಿ ಹುಡುಕುವ ಮೊದಲು ಹಳೆಯದನ್ನು ಲೆಕ್ಕ ಹಾಕಿ. ಕಾಯಿಲೆಗೆ ಮುಂಚೆ ಮಾಡಿಸಿದ ಪ್ರತಿ ಪಾಲಿಸಿಯೂ ಈಗ ಚಿನ್ನ. ಅದೇ ಪಾಲಿಸಿ ಅದೇ ಬೆಲೆಗೆ ನಿಮಗೆ ಮತ್ತೆ ಸಿಗುವುದಿಲ್ಲ. ಆಸ್ಪತ್ರೆ ಖರ್ಚಿನ ಗಡಿಬಿಡಿಯಲ್ಲಿ ಪ್ರೀಮಿಯಂ ಕಟ್ಟುವುದು ಬಿಟ್ಟುಹೋಗಿರುತ್ತದೆ. ಇನ್ನೂ ಗ್ರೇಸ್ ಅವಧಿ (ಗಡುವು ದಾಟಿದ ಮೇಲೂ ಕಟ್ಟಲು ಕೊಡುವ ದಿನಗಳು) ಇದ್ದರೆ ಇವತ್ತೇ ಕಟ್ಟಿ. ಅದು ದಾಟಿ ಪಾಲಿಸಿ ಲ್ಯಾಪ್ಸ್ ಆಗಿದ್ದರೆ, ಮತ್ತೆ ಚಾಲ್ತಿಗೆ ತರಲು ಆರೋಗ್ಯದ ಘೋಷಣೆ ಕೇಳುತ್ತಾರೆ. ಅಲ್ಲಿ ಈಗಿನ ಕಾಯಿಲೆ ಬರೆಯಲೇಬೇಕು.

ಈ ಮೂಲೆಗಳನ್ನೂ ನೋಡಿ. ಪಿಎಫ್ ಇರುವ ಕೆಲಸದಲ್ಲಿದ್ದರೆ ಇಡಿಎಲ್‌ಐ ಯೋಜನೆಯಲ್ಲಿ ಗರಿಷ್ಠ 7 ಲಕ್ಷದವರೆಗೆ ವಿಮೆ ಇದೆ. ಅದಕ್ಕೆ ವೈದ್ಯಕೀಯ ಪರೀಕ್ಷೆ ಇಲ್ಲ, ನಿಮ್ಮ ಸಂಬಳದಿಂದ ಪ್ರೀಮಿಯಂ ಕೂಡ ಹೋಗುವುದಿಲ್ಲ. ಇದು ಇದೆ ಎಂಬುದೇ ಎಷ್ಟೋ ಮನೆಗಳಿಗೆ ಗೊತ್ತಿರುವುದಿಲ್ಲ. ರಾಜ್ಯ ಸರ್ಕಾರಿ ನೌಕರರಾದರೆ ಸರ್ಕಾರದ ವಿಮಾ ಇಲಾಖೆಯ (ಕೆಜಿಐಡಿ) ಪಾಲಿಸಿ ಇರುತ್ತದೆ. ಖಾಸಗಿ ಕಂಪನಿಗಳಲ್ಲಿ ಗುಂಪು ಟರ್ಮ್ ವಿಮೆ ಇದ್ದರೂ ಇರಬಹುದು, ಎಚ್‌ಆರ್‌ ಅವರನ್ನು ಕೇಳಿ. ಇಡಿಎಲ್‌ಐ ಮತ್ತು ಕಂಪನಿಯ ವಿಮೆ ಕೆಲಸ ಬಿಟ್ಟ ದಿನ ನಿಲ್ಲುತ್ತವೆ ಎಂಬುದು ನೆನಪಿರಲಿ.

ಈಗಾಗಲೇ ಸಾಲ ಇದ್ದು, ಅದಕ್ಕೆ ಕಾಯಿಲೆಗೆ ಮುಂಚೆಯೇ ವಿಮೆ ಆಗಿದ್ದರೆ ಇನ್ನೊಂದು ಎಚ್ಚರ ಬೇಕು. ಅರ್ಧ ಪರ್ಸೆಂಟ್ ಬಡ್ಡಿ ಕಡಿಮೆ ಎಂದು ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಲು ಹೊರಡಬೇಡಿ. ಹಳೆಯ ಸಾಲ ಮುಚ್ಚಿದಾಗ ಅದಕ್ಕೆ ಅಂಟಿಕೊಂಡ ವಿಮೆಯೂ ಕೊನೆಯಾಗುವ ಸಾಧ್ಯತೆ ಇದೆ. ಸಾಲ ಮುಚ್ಚಿದ ಮೇಲೂ ವಿಮೆ ಮುಂದುವರಿಯುತ್ತದೆಯೇ ಎಂದು ವಿಮಾ ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆದ ಮೇಲೇ ಹೆಜ್ಜೆ ಇಡಿ.

ಒಟ್ಟು ಸಾಲದಿಂದ ಇವನ್ನೆಲ್ಲ ಕಳೆಯಿರಿ. ಉಳಿದ ಮೊತ್ತಕ್ಕಷ್ಟೇ ಹೊಸ ವಿಮೆ ಬೇಕು. 30 ಲಕ್ಷ ಕೇಳುವ ಬದಲು 15 ಲಕ್ಷ ಕೇಳಿದರೆ ಸಾಕಾಗಬಹುದು. ಮೊತ್ತ ಚಿಕ್ಕದಾದಷ್ಟೂ ವಿಮಾ ಕಂಪನಿಯ ಪರೀಕ್ಷೆಗಳೂ ಸಾಮಾನ್ಯವಾಗಿ ಕಡಿಮೆ.

ಹಂತ 2: ಯಾವಾಗ ಅರ್ಜಿ ಹಾಕಬೇಕು

ಆಸ್ಪತ್ರೆಯಿಂದ ಬಂದ ತಕ್ಷಣ ಹಾಕಿದರೆ "ಮುಂದೂಡಲಾಗಿದೆ" ಎಂಬ ಉತ್ತರವೇ ಬರುವ ಸಂಭವ ಜಾಸ್ತಿ. ಆ ಉತ್ತರ ದಾಖಲೆಯಲ್ಲಿ ಉಳಿಯುತ್ತದೆ. ಮುಂದಿನ ಪ್ರತಿ ಅರ್ಜಿಯಲ್ಲೂ "ಹಿಂದೆ ಯಾವುದಾದರೂ ಕಂಪನಿ ನಿಮ್ಮ ಅರ್ಜಿಯನ್ನು ನಿರಾಕರಿಸಿದೆಯೇ, ಮುಂದೂಡಿದೆಯೇ, ಹೆಚ್ಚು ಪ್ರೀಮಿಯಂ ಹಾಕಿದೆಯೇ" ಎಂಬ ಪ್ರಶ್ನೆ ಇರುತ್ತದೆ. ಅದಕ್ಕೂ ನಿಜವನ್ನೇ ಬರೆಯಬೇಕು. ಅದಕ್ಕೇ ಹೊತ್ತು ನೋಡಿ ಹಾಕುವುದು ಒಳ್ಳೆಯದು.

ಕಂಪನಿಯಿಂದ ಕಂಪನಿಗೆ ಲೆಕ್ಕ ಬೇರೆ. ಆದರೂ ಒಂದು ಅಂದಾಜು ಹೇಳಬಹುದು. ಹೃದಯಾಘಾತ, ಸ್ಟೆಂಟ್, ಬೈಪಾಸ್ ಆದವರಿಗೆ ಕನಿಷ್ಠ ಆರು ತಿಂಗಳಿಂದ ಒಂದು ವರ್ಷ ಕಳೆದಿರಬೇಕು. ಆಮೇಲೆ ಎಕೋ ಪರೀಕ್ಷೆಯಲ್ಲಿ ಹೃದಯದ ಪಂಪಿಂಗ್ ಎಷ್ಟು ಪರ್ಸೆಂಟ್ ಎಂದು ನೋಡುತ್ತಾರೆ. ಟ್ರೆಡ್‌ಮಿಲ್ ಪರೀಕ್ಷೆ, ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಹಿಡಿತದಲ್ಲಿದೆಯೇ, ಬೀಡಿ ಸಿಗರೇಟು ಬಿಟ್ಟಿದ್ದೀರಾ ಎಂಬುದೂ ಬರುತ್ತದೆ. ತೀರಾ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿಗೆ ದಾರಿ ಇನ್ನೂ ಕಷ್ಟ. ಕ್ಯಾನ್ಸರಿನಲ್ಲಿ ಯಾವ ಅಂಗ, ಯಾವ ಹಂತ, ಯಾವ ದರ್ಜೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಚಿಕಿತ್ಸೆ ಮುಗಿದ ದಿನದಿಂದ ಎಣಿಸುತ್ತಾರೆ, ಕಾಯಿಲೆ ಗೊತ್ತಾದ ದಿನದಿಂದ ಅಲ್ಲ. ಮೊದಲ ಹಂತದಲ್ಲೇ ಸಿಕ್ಕಿದ್ದರೆ ಎರಡು ಮೂರು ವರ್ಷಕ್ಕೆ ಬಾಗಿಲು ತೆರೆಯಬಹುದು. ಹಲವು ಬಗೆಗಳಿಗೆ ಐದು ವರ್ಷ ಕಾಯಬೇಕಾಗುತ್ತದೆ. ಪಾರ್ಶ್ವವಾಯುವಿಗೆ ಸುಮಾರು ಒಂದು ವರ್ಷ, ಅದೂ ಕೈಕಾಲು ಸ್ವಾಧೀನಕ್ಕೆ ಬಂದು ಮಾತು ಸರಿಯಾಗಿದ್ದರೆ.

ಕಾಯುವ ಅವಧಿಯನ್ನು ಸುಮ್ನೆ ಕಳೆಯಬೇಡಿ. ಪ್ರತಿ ಫಾಲೋಅಪ್‌ಗೂ ಹೋಗಿ. "ಈಗ ಚೆನ್ನಾಗಿದ್ದೀನಲ್ಲ" ಎಂದು ತಪಾಸಣೆ ಬಿಟ್ಟವರ ಕಡತದಲ್ಲಿ ಖಾಲಿ ಜಾಗ ಬೀಳುತ್ತದೆ. ಅದನ್ನು ವಿಮಾ ಕಂಪನಿ ನಿರ್ಲಕ್ಷ್ಯ ಎಂದೇ ಓದುತ್ತದೆ.

ಹಂತ 3: ಕಡತ ಕಟ್ಟಿ

ಇದಕ್ಕೆ ನಾನು ಒಂದು ತಿಂಗಳು ಕೊಟ್ಟೆ. ಕೊಟ್ಟಿದ್ದು ಸಾರ್ಥಕವಾಯಿತು. ವಿಮಾ ಕಂಪನಿಯಲ್ಲಿ ನಿಮ್ಮ ಅರ್ಜಿ ನೋಡುವವರು ನಿಮ್ಮನ್ನು ನೋಡುವುದಿಲ್ಲ, ಕಾಗದವನ್ನಷ್ಟೇ ನೋಡುತ್ತಾರೆ. ಕಾಗದದಲ್ಲಿ ಅನುಮಾನ ಉಳಿದರೆ ಅವರು ಕೆಟ್ಟದ್ದನ್ನೇ ಊಹಿಸಬೇಕಾಗುತ್ತದೆ.

ಡಿಸ್ಚಾರ್ಜ್ ಸಮ್ಮರಿ ಎಲ್ಲಕ್ಕಿಂತ ಮುಖ್ಯ. ಅದು ಕಳೆದುಹೋಗಿದ್ದರೆ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಹೋಗಿ ನಿಮ್ಮ ಐಪಿ ನಂಬರು (ಒಳರೋಗಿ ಸಂಖ್ಯೆ) ಕೊಟ್ಟು ಪ್ರತಿ ಕೇಳಿ. ಬೆಂಗಳೂರಿನ ಜಯದೇವ, ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದವರು ಆ ನಂಬರನ್ನು ಮನೆಯಲ್ಲಿ ಎರಡು ಕಡೆ ಬರೆದಿಟ್ಟುಕೊಳ್ಳಿ. ಹೃದಯದವರು ಆಂಜಿಯೋಗ್ರಾಂ ವರದಿ, ಸ್ಟೆಂಟ್ ಹಾಕಿದ ವಿವರ, ಮೊದಲ ಮತ್ತು ಇತ್ತೀಚಿನ ಎಕೋ ಎರಡನ್ನೂ ಇಡಿ. ಪಂಪಿಂಗ್ ಸುಧಾರಿಸಿದ್ದು ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಕಾಣುವುದು. ಕ್ಯಾನ್ಸರಿನವರಿಗೆ ಬಯಾಪ್ಸಿ ವರದಿ, ಹಂತ ಬರೆದ ಕಾಗದ, ಕೀಮೋ ಮತ್ತು ರೇಡಿಯೇಶನ್ ಮುಗಿದ ತಾರೀಖು, ಆಮೇಲಿನ ಸ್ಕ್ಯಾನ್‌ಗಳು ಬೇಕು.

ಇದರ ಮೇಲೆ ನಿಮ್ಮ ಡಾಕ್ಟರಿಂದ ಒಂದು ಪುಟದ ಪತ್ರ ಬರೆಸಿ. ಕಾಯಿಲೆ ಏನು, ಯಾವಾಗ ಬಂತು, ಏನು ಚಿಕಿತ್ಸೆ ಆಯಿತು, ಈಗ ಯಾವ ಮಾತ್ರೆ, ಈಗಿನ ಸ್ಥಿತಿ ಹೇಗಿದೆ, ಕೆಲಸಕ್ಕೆ ಹೋಗುತ್ತಿದ್ದಾರೆಯೇ. ಇಷ್ಟು ಸಾಕು. ಡಾಕ್ಟರಿಗೆ ಪುರುಸೊತ್ತು ಇರುವುದಿಲ್ಲ, ಹಾಗಾಗಿ ತಾರೀಖುಗಳನ್ನು ನೀವೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಮ್ಮ ಡಾಕ್ಟರು ಚೀಟಿ ನೋಡಿ ಹತ್ತು ನಿಮಿಷದಲ್ಲಿ ಬರೆದುಕೊಟ್ಟರು. ಚೀಟಿ ಇಲ್ಲದೆ ಹೋದ ಮೊದಲ ಸಲ "ಮುಂದಿನ ವಾರ ಬನ್ನಿ" ಅಂದಿದ್ದರು.

ಹಂತ 4: ಅರ್ಜಿಗೆ ಮುಂಚೆ ಕೇಳಿ ನೋಡಿ

ಏಜೆಂಟ್ ಮತ್ತು ಬ್ರೋಕರ್ ಒಂದೇ ಅಲ್ಲ. ವೈಯಕ್ತಿಕ ಏಜೆಂಟ್ ಒಂದು ಜೀವವಿಮಾ ಕಂಪನಿಯ ಪಾಲಿಸಿ ಮಾತ್ರ ಮಾರಬಹುದು. ಬ್ರೋಕರ್ ಹಲವು ಕಂಪನಿಗಳ ಜೊತೆ ವ್ಯವಹರಿಸುತ್ತಾರೆ. ಬ್ಯಾಂಕ್ ಕೂಡ 2022ರ ಕೊನೆಯಿಂದ ಒಂಬತ್ತು ಜೀವವಿಮಾ ಕಂಪನಿಗಳವರೆಗೆ ಒಪ್ಪಂದ ಮಾಡಿಕೊಳ್ಳಬಹುದು. ಹಾಗಾಗಿ ಅವರು ತೋರಿಸಿದ ಒಂದೇ ಪಾಲಿಸಿಗೆ ತಲೆ ಆಡಿಸಬೇಕಿಲ್ಲ. ನಿಮ್ಮಲ್ಲಿ ಬೇರೆ ಯಾವ ಕಂಪನಿಗಳದ್ದು ಇದೆ ಎಂದು ಕೇಳಿ.

ಕಡತ ಸಿದ್ಧವಾದ ಮೇಲೆ ಅದರ ಸಾರಾಂಶವನ್ನು ಬ್ರೋಕರ್‌ ಅಥವಾ ಶಾಖೆಯ ಮೂಲಕ ಎರಡು ಮೂರು ಕಂಪನಿಗಳಿಗೆ ಮೊದಲೇ ತೋರಿಸಿ. "45 ವರ್ಷ, ಒಂದು ಸ್ಟೆಂಟ್, ಎರಡು ವರ್ಷದ ಹಿಂದೆ, ಪಂಪಿಂಗ್ 55 ಪರ್ಸೆಂಟ್, ಸಕ್ಕರೆ ಕಾಯಿಲೆ ಇಲ್ಲ, 20 ಲಕ್ಷ ಬೇಕು. ಇಂಥ ಅರ್ಜಿ ಪರಿಗಣಿಸುತ್ತೀರಾ?" ಎಂದು ಹೆಸರಿಲ್ಲದೆ ಕೇಳಬಹುದು. ಸಿಗುವ ಉತ್ತರ ಖಾತರಿಯಲ್ಲ. ಆದರೆ ಎಲ್ಲಿ ಹಾಕುವುದೇ ಬೇಡ ಎಂದು ಗೊತ್ತಾಗುತ್ತದೆ. ಕಂಡ ಕಂಡ ವೆಬ್‌ಸೈಟಿನಲ್ಲಿ ಅರ್ಜಿ ತುಂಬಿ ನಾಲ್ಕು ನಿರಾಕರಣೆ ಗುಡ್ಡೆ ಹಾಕಿಕೊಳ್ಳಬೇಡಿ.

ಹಂತ 5: ಅರ್ಜಿ ತುಂಬುವುದು

ಇಡೀ ಕೆಲಸದ ಜೀವ ಇರುವುದು ಇಲ್ಲಿ.

1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್ 2015ರಲ್ಲಿ ತಿದ್ದುಪಡಿಯಾಯಿತು. ಅದರ ಪ್ರಕಾರ ಪಾಲಿಸಿ ಶುರುವಾಗಿ ಮೂರು ವರ್ಷ ತುಂಬಿದ ಮೇಲೆ ಅದನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಆದರೆ ಮೂರು ವರ್ಷದ ಒಳಗೆ, ಮುಖ್ಯವಾದ ಸಂಗತಿ ಮುಚ್ಚಿಟ್ಟಿದ್ದಾರೆ ಎಂದು ತೋರಿಸಿ ಕಂಪನಿ ಪಾಲಿಸಿಯನ್ನು ರದ್ದು ಮಾಡಬಹುದು. ಲ್ಯಾಪ್ಸ್ ಆದ ಪಾಲಿಸಿಯನ್ನು ಮತ್ತೆ ಚಾಲ್ತಿಗೆ ತಂದರೆ ಮೂರು ವರ್ಷದ ಎಣಿಕೆ ಅಲ್ಲಿಂದ ಹೊಸದಾಗಿ ಶುರು. "ಹೇಗೋ ಮೂರು ವರ್ಷ ದಾಟಿಬಿಟ್ಟರೆ ಆಯ್ತು" ಎಂದು ಸಲಹೆ ಕೊಡುವವರು ಇದ್ದಾರೆ. ದೊಡ್ಡ ಕಾಯಿಲೆ ದಾಟಿ ಬಂದವರಿಗೆ ಅಪಾಯ ಹೆಚ್ಚಿರುವುದೇ ಆ ಮೂರು ವರ್ಷಗಳಲ್ಲಿ. ಆಗ ಕಂಪನಿಯವರು ಬರುವುದು ನಿಮ್ಮ ಹತ್ತಿರ ಅಲ್ಲ, ನಿಮ್ಮ ಹೆಂಡತಿ ಮಕ್ಕಳ ಹತ್ತಿರ. ಆಸ್ಪತ್ರೆಯ ದಾಖಲೆ ಹುಡುಕುವುದು ಅವರಿಗೆ ಕಷ್ಟದ ಕೆಲಸವಲ್ಲ. ಕಾಯಿಲೆ ಮುಚ್ಚಿಟ್ಟು ಪಾಲಿಸಿ ಪಡೆದ ಒಂದು ಪ್ರಕರಣದಲ್ಲಿ ಹಣ ಕೊಡದ ವಿಮಾ ಕಂಪನಿಯ ನಿರ್ಧಾರವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿದಿದೆ.

ಆದ್ದರಿಂದ ಅರ್ಜಿಯನ್ನು ನೀವೇ ತುಂಬಿ. ಆನ್‌ಲೈನ್ ಆದರೆ ಒಟಿಪಿ ಕೊಡುವ ಮುಂಚೆ ಪ್ರತಿ ಪುಟವನ್ನೂ ನೋಡಿ. ಒಟಿಪಿ ಅಂದರೆ ಸಹಿ. ಬ್ಯಾಂಕಿನ ಗುಂಪು ವಿಮೆಯಲ್ಲಿ "ಆರೋಗ್ಯ ಚೆನ್ನಾಗಿದೆ" ಎಂಬ ಒಂದೇ ಹಾಳೆಯ ಘೋಷಣೆ ಇರುತ್ತದೆ. ಹಲವು ಸಲ ವೈದ್ಯಕೀಯ ಪರೀಕ್ಷೆಯೇ ಇಲ್ಲದೆ ಪಾಲಿಸಿ ಬಂದುಬಿಡುತ್ತದೆ. ಸುಲಭವಾಗಿ ಸಿಕ್ಕಿತು ಎಂದು ಖುಷಿಪಡಬೇಡಿ. ಪರೀಕ್ಷೆ ಇಲ್ಲ ಎಂದರೆ ಪೂರ್ತಿ ಭಾರ ನಿಮ್ಮ ಮಾತಿನ ಮೇಲೆ ಬಿದ್ದಿದೆ ಎಂದು ಅರ್ಥ. ಆ ಹಾಳೆಯಲ್ಲಿ ಜಾಗ ಇಲ್ಲದಿದ್ದರೆ "ಪ್ರತ್ಯೇಕ ಹಾಳೆ ಲಗತ್ತಿಸಿದೆ" ಎಂದು ಬರೆದು ಕಡತದ ಸಾರಾಂಶವನ್ನು ಪಿನ್ ಮಾಡಿ. ಸಹಿ ಹಾಕಿದ ಪೂರ್ತಿ ಸೆಟ್‌ನ ಫೋಟೊ ತೆಗೆದುಕೊಳ್ಳಿ. ಅದನ್ನೇ ವಿಮಾ ಕಂಪನಿಗೆ ಇಮೇಲ್ ಕೂಡ ಮಾಡಿ.

ಇಂಗ್ಲಿಷ್ ಅರ್ಜಿಗೆ ಕನ್ನಡದಲ್ಲಿ ಸಹಿ ಹಾಕುವವರು ಒಂದು ವಿಷಯ ಗಮನಿಸಿ. ಅರ್ಜಿಯ ಕೊನೆಯಲ್ಲಿ, ಪ್ರಶ್ನೆಗಳನ್ನು ಅರ್ಜಿದಾರರ ಭಾಷೆಯಲ್ಲಿ ವಿವರಿಸಿದ್ದೇನೆ ಎಂದು ಇನ್ನೊಬ್ಬರು ಸಹಿ ಹಾಕುವ ಜಾಗ ಇರುತ್ತದೆ. ಅಲ್ಲಿ ಸಹಿ ಹಾಕುವವರು ನಿಜಕ್ಕೂ ವಿವರಿಸಲಿ. ಸಾಧ್ಯವಾದರೆ ಓದು ಬಲ್ಲ ಮಗಳನ್ನೋ ತಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಹಂತ 6: ಪರೀಕ್ಷೆ ಮತ್ತು ಫೋನ್ ಕರೆ

ರಕ್ತ, ಮೂತ್ರ, ಇಸಿಜಿ, ಬೇಕಾದರೆ ಟ್ರೆಡ್‌ಮಿಲ್ ಮಾಡಿಸುತ್ತಾರೆ. ದಿನದ ಮಾತ್ರೆ ತಪ್ಪಿಸಬೇಡಿ, ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಕಂಪನಿಯಿಂದ ಕರೆ ಬಂದು ಅದೇ ಪ್ರಶ್ನೆಗಳನ್ನು ಮತ್ತೆ ಕೇಳಬಹುದು. ಅದು ರೆಕಾರ್ಡ್ ಆಗುತ್ತದೆ. ಬೇಕಾದರೆ ಕನ್ನಡದಲ್ಲಿ ಮಾತಾಡುವವರನ್ನು ಕೇಳಿ, ಅರ್ಜಿಯ ಪ್ರತಿಯನ್ನು ಮುಂದಿಟ್ಟುಕೊಂಡು ಉತ್ತರಿಸಿ.

ಹಂತ 7: ಬಂದ ಉತ್ತರವನ್ನು ಓದುವುದು

ಸಾಮಾನ್ಯ ದರದಲ್ಲಿ ಒಪ್ಪಿಗೆ ಸಿಗುವುದು ಅಪರೂಪ. ಹೆಚ್ಚಾಗಿ ಬರುವುದು ಲೋಡಿಂಗ್, ಅಂದರೆ ಜಾಸ್ತಿ ಪ್ರೀಮಿಯಂ. 15,000 ರೂ. ಪ್ರೀಮಿಯಂಗೆ 100% ಲೋಡಿಂಗ್ ಎಂದರೆ 30,000 ರೂ. ಇನ್ನು ಕೆಲವು ಕಡೆ ಸಾವಿರಕ್ಕೆ ಇಷ್ಟು ಎಂದು ಹಾಕುತ್ತಾರೆ. ಸಾವಿರಕ್ಕೆ 5 ರೂ. ಎಂದರೆ 20 ಲಕ್ಷಕ್ಕೆ ವರ್ಷಕ್ಕೆ 10,000 ರೂ. ಹೆಚ್ಚು. ಕ್ಯಾನ್ಸರಿನಲ್ಲಿ ಇದನ್ನು ಕೆಲವು ವರ್ಷಗಳಿಗೆ ಮಾತ್ರ ಹಾಕುವುದೂ ಉಂಟು. ಹಾಗಾಗಿ ಎಷ್ಟು ವರ್ಷ ಎಂದು ಕೇಳಿ. ಮೊತ್ತ ಕಡಿಮೆ ಮಾಡಿಯೋ ಅವಧಿ ಮೊಟಕು ಮಾಡಿಯೋ ಬದಲಿ ಪ್ರಸ್ತಾಪ ಕೊಡಬಹುದು. ನೀವು ಒಪ್ಪದೆ ಅದು ಜಾರಿಗೆ ಬರುವುದಿಲ್ಲ.

ದುಬಾರಿ ಅನ್ನಿಸಿದರೂ ನಾನು ಒಪ್ಪಿಕೊಂಡೆ. ಲೋಡಿಂಗ್ ಬಿದ್ದಿದೆ ಎಂದರೆ ಕಾಯಿಲೆ ಗೊತ್ತಿದ್ದೇ ಕಂಪನಿ ನನ್ನನ್ನು ಒಪ್ಪಿದೆ ಎಂಬುದಕ್ಕೆ ಅದೇ ದಾಖಲೆ.

ಮುಂದೂಡಿದರೆ ಎಷ್ಟು ತಿಂಗಳು, ಯಾವ ವರದಿ ಬೇಕು ಎಂದು ಬರಹದಲ್ಲಿ ಪಡೆಯಿರಿ. ನಿರಾಕರಿಸಿದರೆ ಕಾರಣ ಕೇಳಿ. ಕಾರಣ ನಿಮ್ಮ ಹಳೆಯ ವರದಿಯೇ ಆಗಿದ್ದರೆ, ಹೊಸ ವರದಿ ಕೊಟ್ಟು ಮತ್ತೊಮ್ಮೆ ಪರಿಶೀಲಿಸಲು ಬರೆಯಿರಿ.

ಹಂತ 8: ಎಲ್ಲೂ ಸಿಗದಿದ್ದರೆ

ಧೈರ್ಯಗೆಡಬೇಡಿ. ಮನೆ ಉಳಿಸಲು ವಿಮೆಯೊಂದೇ ದಾರಿಯಲ್ಲ.

ಮೊದಲನೆಯದು, ಸಾಲವನ್ನೇ ಬೇಗ ಇಳಿಸುವುದು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುಂಚೆ ಕಟ್ಟಿದರೆ ವ್ಯಕ್ತಿಗಳಿಂದ ದಂಡ ವಸೂಲಿ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಲೋಡಿಂಗ್ ಸಮೇತ ಕಟ್ಟಬೇಕಿದ್ದ ಪ್ರೀಮಿಯಂ ಹಣವನ್ನು ಪ್ರತಿ ವರ್ಷ ಅಸಲಿಗೆ ಹಾಕಿ. ಎರಡನೆಯದು, ದುಡಿಯುವ ಹೆಂಡತಿ ಅಥವಾ ಗಂಡ, ಕೆಲಸಕ್ಕೆ ಸೇರಿದ ಮಗ ಮಗಳು ಜೊತೆ ಸಾಲಗಾರರಾಗಿ, ಕಂತಿನ ದೊಡ್ಡ ಪಾಲು ಅವರ ಆದಾಯದಲ್ಲಿ ನಡೆಯುವಂತೆ ಹೊಂದಿಸಿ. ಅವರ ಜೀವಕ್ಕೆ ವಿಮೆ ಸುಲಭವಾಗಿ ಸಿಗುತ್ತದೆ. ಆಗ ನಿಮ್ಮ ಮೇಲಿನ ಪಾಲು ಚಿಕ್ಕದಾಗುತ್ತದೆ. ಮೂರನೆಯದು, ಕಾಯಿಲೆಯಿಂದ ಹೊರಗೆ ಇರುವ ಅಪಾಯಕ್ಕಾದರೂ ವಿಮೆ ಇರಲಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂ.ಗೆ 2 ಲಕ್ಷದ ಅಪಘಾತ ವಿಮೆ ಇದೆ, 18ರಿಂದ 70 ವರ್ಷದವರೆಗೆ. ಜೀವನ್ ಜ್ಯೋತಿ ಯೋಜನೆಯಲ್ಲಿ ವರ್ಷಕ್ಕೆ 436 ರೂ.ಗೆ 2 ಲಕ್ಷದ ಜೀವವಿಮೆ. 50 ವರ್ಷದೊಳಗೆ ಸೇರಬೇಕು, 55ರವರೆಗೆ ನಡೆಯುತ್ತದೆ, ವೈದ್ಯಕೀಯ ಪರೀಕ್ಷೆ ಇಲ್ಲ. ಅದರ ಅರ್ಜಿಯಲ್ಲೂ ಘೋಷಣೆಯನ್ನು ಓದಿಯೇ ಸಹಿ ಹಾಕಿ.

ಮನೆಯ ಅಳತೆಯನ್ನೇ ಸ್ವಲ್ಪ ಇಳಿಸುವುದೂ ಒಂದು ದಾರಿ. ನಾವು ಮಹಡಿಯನ್ನು ಕೈಬಿಟ್ಟೆವು. 8 ಲಕ್ಷ ಸಾಲ ಅಲ್ಲೇ ತಗ್ಗಿತು.

ಹಂತ 9: ಪಾಲಿಸಿ ಕೈಗೆ ಬಂದ ಮೇಲೆ

ಅದೇ ದಿನ ಕೂತು ಓದಿ. ಪಾಲಿಸಿಯ ಜೊತೆ ನಿಮ್ಮ ಅರ್ಜಿಯ ಪ್ರತಿ ಬರುತ್ತದೆ. ಅದರಲ್ಲಿ ನಿಮ್ಮ ಕಾಯಿಲೆ ನೀವು ಬರೆದಂತೆಯೇ ಇದೆಯೇ ನೋಡಿ. ನನ್ನ ಪ್ರತಿಯಲ್ಲಿ ಒಂದು ಮಾತ್ರೆಯ ಹೆಸರು ಬಿಟ್ಟುಹೋಗಿತ್ತು. ಮೇಲ್ ಕಳಿಸಿ ಸೇರಿಸಿಸಿದೆ, ಬಂದ ಉತ್ತರವನ್ನು ಮುದ್ರಿಸಿ ಇಟ್ಟೆ. ಇಷ್ಟವಾಗದಿದ್ದರೆ ಪಾಲಿಸಿ ಸಿಕ್ಕ 30 ದಿನದೊಳಗೆ ವಾಪಸ್ ಕೊಡಬಹುದು. ಪರೀಕ್ಷೆ ಮತ್ತು ಸ್ಟಾಂಪ್ ಖರ್ಚು, ಅಷ್ಟು ದಿನದ ವಿಮೆಯ ಬೆಲೆ ಕಳೆದು ಉಳಿದದ್ದು ಬರುತ್ತದೆ. ನಾಮಿನಿಯ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇರಲಿ. ಪ್ರೀಮಿಯಂಗೆ ಬ್ಯಾಂಕ್ ಖಾತೆಯಿಂದ ತಾನಾಗೇ ಹೋಗುವ ವ್ಯವಸ್ಥೆ ಮಾಡಿ. ನಮ್ಮಂಥವರ ಪಾಲಿಸಿ ಒಮ್ಮೆ ಲ್ಯಾಪ್ಸ್ ಆದರೆ ಮತ್ತೆ ಎತ್ತಿ ನಿಲ್ಲಿಸುವುದು ಬಹಳ ಕಷ್ಟ.

ಮುಂದೆ ತಕರಾರು ಬಂದರೆ ಏನು ಮಾಡಬೇಕೆಂದು ಮನೆಯವರಿಗೆ ಈಗಲೇ ಹೇಳಿಡಿ. ಮೊದಲು ವಿಮಾ ಕಂಪನಿಯ ದೂರು ವಿಭಾಗಕ್ಕೆ ಬರಹದಲ್ಲಿ ದೂರು ಕೊಡಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಅಥವಾ 155255 ಸಂಖ್ಯೆಗೆ ಕರೆ ಮಾಡಿಯೂ ದಾಖಲಿಸಬಹುದು. ಕಂಪನಿ ಒಂದು ತಿಂಗಳಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರು ವಿಚಾರಿಸಿ ತೀರ್ಮಾನಿಸುವ ಅಧಿಕಾರಿ) ಹತ್ತಿರ ಹೋಗಬಹುದು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. 50 ಲಕ್ಷದವರೆಗಿನ ಪರಿಹಾರಕ್ಕೆ ಅವರು ಆದೇಶ ಕೊಡಬಹುದು. ಕಂಪನಿಯ ನಿರಾಕರಣೆ ಬಂದು ಒಂದು ವರ್ಷದೊಳಗೆ ಹೋಗಬೇಕು.

ನಮ್ಮ ಮನೆಯಲ್ಲಿ ಈ ಕಾಗದಗಳೆಲ್ಲ ಮನೆಪತ್ರದ ಪಕ್ಕದಲ್ಲಿ, ಹಸಿರು ಫೈಲಿನಲ್ಲಿವೆ. ಫೈಲಿನ ಮೇಲೆ ಹೆಂಡತಿ ಪಾಲಿಸಿ ನಂಬರು, ಪ್ರೀಮಿಯಂ ಕಟ್ಟುವ ತಿಂಗಳು, ಮೂರು ವರ್ಷ ತುಂಬುವ ತಾರೀಖು ಬರೆದಿಟ್ಟಿದ್ದಾಳೆ. ಒಂದು ಪ್ರತಿ ಊರಿನಲ್ಲಿರುವ ನನ್ನ ಭಾವನ ಹತ್ತಿರ ಇದೆ.